ಹೊಂಬಾಳೆ ಬಾಗಿಲ ಹಿಂದಿನಿಂದ ಕೇಳಿದ ಮಾತು

ಕಾಲು ಒದರಬೇಡ ಕೂಸೇ, ಕಂಬಳಿ ಒಳಗೆ ಗಾಳಿ ನುಗ್ಗುತ್ತೆ. ಸುಮ್ನೆ ಮಲಗಿ ಕೇಳೋದಾದ್ರೆ ಹೇಳ್ತೀನಿ. ಮಧ್ಯದಲ್ಲಿ ಹೆದರಿಕೆ ಅಂತ ನನ್ನ ಸೆರಗು ಎಳೆದ್ಯೋ, ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ನೋಡು.

ಒಂದಾನೊಂದು ಕಾಲದಲ್ಲಿ, ಜನ ಒಬ್ಬರನ್ನೊಬ್ಬರು ಕಂಡ್ರೆ ಊಟ ಆಯ್ತಾ ಅಂತ ಕೇಳೋ ರೂಢೀನೇ ಇಲ್ಲದಿದ್ದ ಕಾಲದಲ್ಲಿ, ಒಂದೂರಿನ ಕೊನೇ ಮನೇಲಿ ಮೂರು ಜನ ಅಣ್ಣತಮ್ಮಂದಿರು ಇದ್ರಂತೆ. ದೊಡ್ಡೋನ ಹೆಂಡತಿ ಬೋರಕ್ಕ, ನಡುವಿನೋನ ಹೆಂಡತಿ ಸಿದ್ದಕ್ಕ, ಚಿಕ್ಕೋನು ಚನ್ನಿಗನ ಹೆಂಡತಿ ಹೊಂಬಾಳೆ. ಹೊಂಬಾಳೆ ಹೊಸ ಮದುವಣಗಿತ್ತಿ, ಇನ್ನೂ ಕೈಯ ಅರಿಶಿನ ಮಾಸಿರಲಿಲ್ಲ, ಅಷ್ಟರಲ್ಲೇ ಗಂಡಸರು ಮೂವರೂ ಎತ್ತಿನ ಮೇಲೆ ರಾಗಿ ಹೇರ್ಕೊಂಡು, ಉಪ್ಪು ತರ್ತೀವಿ ಅಂತ ದೂರದ ಊರಿಗೆ ಹೊರಟುಬಿಟ್ರಂತೆ.

ಆಮೇಲೆ ಒಂದಿನ ಮಟಮಟ ಮಧ್ಯಾಹ್ನ. ಕೋಳಿಗಳು ಕೂಡ ಕೆದಕೋದು ಬಿಟ್ಟು ಬೇಲಿ ಸಂದಿ ಸೇರ್ಕೊಂಡು ಮಿಸುಕದೆ ಕೂತಿದ್ವಂತೆ. ಬಾಗಿಲು ಬಡಿದ ಸದ್ದಾಯ್ತು. ಬೋರಕ್ಕ ತೆಗೆದು ನೋಡಿದ್ರೆ ಗಂಡ! ಅದೇ ಮೀಸೆ, ಅದೇ ರುಮಾಲು. ಎತ್ತೆಲ್ಲಿ, ತಮ್ಮಂದಿರೆಲ್ಲಿ ಅಂದ್ರೆ, ಹಸಿವು, ಹಾಕು ಅಂದನಂತೆ. ಪಾಪ, ದಣಿದು ಬಂದವ್ನೆ ಅಂತ ಅವಳು ಮುದ್ದೆ ಇಟ್ಟು ಸೊಪ್ಪಿನ ಸಾರು ಬಿಟ್ಟಳಂತೆ. ಅವನು ಅಗಿಯದೇ ನುಂಗಿದ. ಮುದ್ದೇನ ಯಾರು ತಾನೇ ಅಗೀತಾರೆ, ನೀನೇ ಹೇಳು? ಅದಕ್ಕೇ ಅವಳಿಗೆ ಗುಮಾನಿನೇ ಬರಲಿಲ್ಲ. ಇಟ್ಟಿದ್ದೆಲ್ಲ ನುಂಗಿದ, ಮಡಕೆ ಬರಿದಾಯ್ತು, ಆದ್ರೂ ಹಾಕು ಅಂತಲೇ ಕೂತಿದ್ದ. ಆಗ ಅವಳು ತಲೆ ಎತ್ತಿ ನೋಡಿದಳಂತೆ. ಅಷ್ಟು ನುಂಗಿದ್ರೂ ಅವನ ಗಂಟಲು ಒಂದ್ಸಲವೂ ಅಲ್ಲಾಡಿರಲಿಲ್ಲ, ಅಷ್ಟು ಸಾರು ಕುಡಿದ್ರೂ ತುಟಿ ಒಣಗೇ ಇತ್ತು. ಅಯ್ಯಯ್ಯಪ್ಪಾ ಅಂತ ಅವಳು ಕಿರುಚೋ ಹೊತ್ತಿಗೆ ಎಲೆ ಮುಂದೆ ಯಾರೂ ಇಲ್ಲ.

ಅವತ್ತಿಂದ ಆ ದೆವ್ವದ ಹಸಿವು ಬೋರಕ್ಕಂಗೆ ಹತ್ಕೊಂಡುಬಿಡ್ತಂತೆ. ತಿಂದಷ್ಟೂ ಹಸಿವು, ಹಸಿದಷ್ಟೂ ಸೊರಗೋದು. ಬಳೆ ಮೊಣಕೈವರೆಗೂ ಜಾರೋ ಹಂಗಾದಳು. ಅವಳ ಹಸುಗೂಸಿಗೆ ಕೊಡೋಕೆ ಎದೇಲಿ ಹಾಲೇ ಇಲ್ಲ.

ಸಿದ್ದಕ್ಕ, ನಾನೇನು ಅಂಥಾ ದಡ್ಡಿಯಲ್ಲ, ನಾನು ಬಾಗಿಲೇ ತೆಗೆಯಲ್ಲ ಅಂತ ಜಂಬ ಕೊಚ್ಚಿಕೊಂಡಳಂತೆ. ಆದ್ರೆ ಇನ್ನೊಂದು ಮಧ್ಯಾಹ್ನ ಹೊರಗಡೆಯಿಂದ ಅವಳ ಗಂಡನ ದನೀಲೇ ಯಾರೋ ಅತ್ತರಂತೆ. ಗಂಡ ಅಳೋದನ್ನ ಅವಳು ಒಂದಿನವೂ ಕೇಳಿರಲಿಲ್ಲ. ಕರುಳು ಚುರುಕ್ ಅಂದು ತೆಗೆದೇಬಿಟ್ಟಳು. ಅವಳದೂ ಅದೇ ಪಾಡಾಯ್ತು. ಹೇಳ್ದೆನಲ್ಲ, ಸೆರಗು ಬಿಡು!

ಈಗ ಮನೇಲಿ ಗಟ್ಟಿಯಾಗಿ ನಿಂತಿದ್ದೋಳು ಹೊಂಬಾಳೆ ಒಬ್ಬಳೇ. ಇಬ್ಬರು ಓರಗಿತ್ತಿಯರಿಗೂ ತುತ್ತು ಮಾಡಿ ಇಡೋಳು ಅವಳೇ, ಬೋರಕ್ಕನ ಕೂಸಿಗೆ ಗಂಜಿ ತಿಳಿ ಕುಡಿಸೋಳೂ ಅವಳೇ. ತಾನೂ ಮಲಗಿದ್ರೆ ಆ ಕೂಸು ಉಳಿಯಲ್ಲ ಅಂತ ಅವಳಿಗೆ ಗೊತ್ತಿತ್ತು. ಹಂಗಂತ ನಿಜವಾಗ್ಲೂ ಗಂಡನೇ ಬಂದು, ಹಸಿದು ಹೊಸಿಲ ಮೇಲೆ ನಿಂತಿದ್ರೆ? ಇದೇ ಚಿಂತೇಲಿ ಅವಳಿಗೆ ತುತ್ತು ಇಳೀತಿರಲಿಲ್ವಂತೆ.

ಆಮೇಲೆ ಮೂರನೇ ಸಲ ಬಾಗಿಲು ಬಡೀತು. ಹೊಂಬಾಳೇ, ತೆಗಿ, ಹಸಿವು ಅಂತ ಚನ್ನಿಗನ ದನಿ. ಅವಳು ಅಗುಳಿ ಹಿಡ್ಕೊಂಡೇ ಯೋಚನೆ ಮಾಡಿದಳಂತೆ. ಎರಡು ಮಡಕೆ ನುಂಗಿದ್ರೂ ಸಾಕು ಅನ್ನದೇ ಇದ್ದದ್ದು, ಉಂಡಾಯ್ತು ಅಂತ ಎಲ್ಲಿ ಅನ್ನುತ್ತೆ? ಅದಕ್ಕೇ ಒಳಗಿಂದಲೇ ಕೇಳಿದಳು, ಊಟ ಆಯ್ತಾ?

ಇಲ್ಲ, ಹಾಕು ಅಂತು ಆ ದನಿ.

ಅಷ್ಟರಲ್ಲಿ ಬೀದಿ ಕಡೆಯಿಂದ ಇನ್ನೊಂದು ದನಿ, ಅದೂ ಚನ್ನಿಗಂದೇ, ಲೇ ಹೊಂಬಾಳೆ, ಯಾಕೆ ಹಗಲು ಹೊತ್ತಲ್ಲಿ ಅಗುಳಿ ಹಾಕಿದೀಯ ಅಂತಂತೆ. ಅವಳು ಅವನನ್ನೂ ಕೇಳಿದಳು, ಊಟ ಆಯ್ತಾ?

ನಿಜವಾದ ಚನ್ನಿಗನಿಗೆ ಬಾಗಿಲಲ್ಲಿದ್ದ ದೆವ್ವ ಕಾಣ್ತಿರಲಿಲ್ಲ, ಅದರ ದನೀನೂ ಕೇಳ್ತಿರಲಿಲ್ಲ. ಅವನು ಹಿಂದಿನ ದಿನದಿಂದ ನೀರು ಬಿಟ್ರೆ ಏನೂ ಕಂಡಿರಲಿಲ್ಲ, ಹೊಟ್ಟೆ ತಾಳ ಹಾಕ್ತಿತ್ತು. ಆದ್ರೆ ಇದ್ದ ರಾಗೀಲಿ ಮುಕ್ಕಾಲು ನಾವೇ ಹೇರ್ಕೊಂಡು ಹೋಗಿದ್ವಿ, ಮನೇಲಿ ಹಿಟ್ಟಿದೆಯೋ ಇಲ್ಲವೋ, ಇಲ್ಲ ಅಂದ್ರೆ ಇವಳು ನೊಂದ್ಕೊತಾಳೆ ಅಂತ, ಆಯ್ತು ಕಣೇ ಅಂದನಂತೆ.

ತಕ್ಷಣ ಮೊದಲನೇ ದನೀನೂ ಅದೇ ಧಾಟೀಲಿ, ಆಯ್ತು ಕಣೇ ಅಂತು!

ಕಲಿತುಬಿಡ್ತಲ್ಲಪ್ಪಾ ಅಂತ ಹೊಂಬಾಳೆ ಅಗುಳೀನ ಇನ್ನೂ ಬಿಗಿಯಾಗಿ ಹಿಡ್ಕೊಂಡಳಂತೆ. ಹೊರಗಡೆ ಒಂದೇ ಥರ ಎರಡು ಉಸಿರು.

ಆಮೇಲೆ ಒಂದು ದನಿ ಮೆತ್ತಗೆ ಕೇಳ್ತಂತೆ, ಯಾಕೆ ಹಂಗೆ ಬಾಡಿಹೋಗಿದೆ ನಿನ್ನ ಮಾತು? ನಿಂದು ಊಟ ಆಯ್ತಾ?

ಇನ್ನೊಂದು ದನೀನೂ ಹಂಗೇ ಹೇಳೋಕೆ ಹೊರಟಿತು. ನಿಂ, ಅಂತು. ನಿಂ, ನಿಂ, ನಿಂ, ಅಂತ ಬಾಗಿಲಿಗೆ ಬಾಯಿ ಹಚ್ಚಿ ಒದ್ದಾಡಿತು, ಮಾತು ಮಾತ್ರ ಮುಂದಕ್ಕೆ ಹೊರಡಲಿಲ್ಲ. ಎಲ್ಲಿಂದ ಹೊರಡುತ್ತೆ? ಆ ದೆವ್ವ ಮನುಷ್ಯನಾಗಿ ಬದುಕಿದ್ದಾಗಲೂ ಬಾಗಿಲು ಹಾಕ್ಕೊಂಡು ಒಬ್ಬನೇ ಉಂಡೋನಂತೆ. ಇನ್ನೊಬ್ಬರ ಹೊಟ್ಟೆ ವಿಷಯ ಅವನ ಬಾಯಲ್ಲಿ ಹುಟ್ಟೇ ಇರಲಿಲ್ಲ.

ಹೊಂಬಾಳೆ ಅಳು ಬಂದ ದನೀಲೇ, ಇಲ್ಲ ರೀ, ನಂದಿನ್ನೂ ಆಗಿಲ್ಲ ಅಂತ ಅಗುಳಿ ಕಿತ್ತು ಬಾಗಿಲು ತೆಗೆದಳಂತೆ. ಹೊಸಿಲ ಮೇಲೆ ಧೂಳು ಮೆತ್ಕೊಂಡ ಚನ್ನಿಗ ಒಬ್ಬನೇ. ಪಕ್ಕದಲ್ಲಿ ನೆಲ ಮಾತ್ರ ಬೂದಿ ಚೆಲ್ಲಿದಂಗೆ ಬಿಳಿಚಿಕೊಂಡಿತ್ತಂತೆ. ಸಂಜೆ ಹೊತ್ತಿಗೆ, ಹಿಂದೆ ಉಳಿದಿದ್ದ ಅಣ್ಣಂದಿರು ಉಪ್ಪಿನ ಎತ್ತು ಹೊಡ್ಕೊಂಡು ಬಂದ್ರು. ಹೊಂಬಾಳೆ ಬಾಯಿಂದ ಕೇಳಿದ್ದನ್ನೆಲ್ಲ ಚನ್ನಿಗ ಹೇಳಿದ್ದಕ್ಕೆ, ಮೂಟೆ ಇಳಿಸೋಕೂ ಮುಂಚೆ ತಂತಮ್ಮ ಹೆಂಡಿರ ಹತ್ರ ಹೋಗಿ, ನಿಂದು ಊಟ ಆಯ್ತಾ ಅಂತ ಕೇಳಿದ್ರಂತೆ. ಅವತ್ತು ಬೋರಕ್ಕ, ಸಿದ್ದಕ್ಕ ಒಂದೊಂದೇ ಮುದ್ದೆ ಉಂಡು, ಸಾಕು, ಹೊಟ್ಟೆ ತುಂಬ್ತು ಅಂದ್ರಂತೆ. ಕೂಸಿಗೆ ಹಾಲೂ ಬಂತು.

ಅದಕ್ಕೇ ನಮ್ಮ ಕಡೆ ಯಾರು ಎದುರಾದ್ರೂ ಊಟ ಆಯ್ತಾ ಅಂತ ಕೇಳೋದು. ಹಸಿದಿದ್ರೂ ಆಯ್ತು ಅನ್ನು, ಪರವಾಗಿಲ್ಲ. ಆದ್ರೆ ಅಲ್ಲಿಗೇ ಬಾಯಿ ಮುಚ್ಕೋಬೇಡ, ನಿಮ್ದಾಯ್ತಾ ಅಂತ ತಿರುಗಿ ಕೇಳು. ಆ ದೆವ್ವ ಇನ್ನೂ ಮಟಮಟ ಮಧ್ಯಾಹ್ನ ಮನೆ ಮನೆ ತಿರುಗುತ್ತಂತೆ, ಅದೊಂದು ಮಾತು ಇವತ್ತಿಗೂ ಅದಕ್ಕೆ ಬಂದಿಲ್ಲ. ತಿರುಗಿ ಕೇಳದೇ ನಿಂತೋರು ಯಾರಾದ್ರೂ ಸರಿ, ಒಳಗೆ ಬಿಟ್ಕೋಬೇಡ.

ಅವರು ಉಂಡು ಮಲಗಿದ್ರು, ಕತೇನೂ ಅಲ್ಲೇ ಮುಗೀತು. ಕಣ್ಣು ಮುಚ್ಚು ಈಗ.