ಲುಸೀನಜ್ಜಿಯ ಹಣೆ

ಕಾಳಿ ಹೊಳೆ ದಡದಲ್ಲಿ ಒಂದು ಕ್ರೈಸ್ತ ಆಶ್ರಮ. ಇದ್ದವರು ಇಬ್ಬರೇ. ಮುದಿ ಗುರು ಇನಾಸ್, ಶಿಷ್ಯ ವಲೇರಿಯನ್.

ವಲೇರಿಯನ್ ಕರಾವಳಿ ಕಡೆಯವನು, ಸುಲಿದಿಟ್ಟ ಬಾಳೆಹಣ್ಣಿನ ಬಣ್ಣ. ಅದು ಅವನಿಗೂ ಗೊತ್ತಿತ್ತು, ಆಶ್ರಮದ ಒಂದೇ ಒಂದು ಕನ್ನಡಿಗೂ ಗೊತ್ತಿತ್ತು.

ಬಂದು ವರ್ಷ ಆಗ್ತಾ ಬಂದಿತ್ತು, ಅವನ ಊರಿಂದ ಒಬ್ಬರೂ ನೋಡೋಕೆ ಬಂದಿರಲಿಲ್ಲ. ಗುರುಗಳ ಮಾತು ದಿನಕ್ಕೆ ನಾಲ್ಕೇ. ಬರೋ ಪಾಸ್ಕ ಹಬ್ಬಕ್ಕೆ, ಅಂದ್ರೆ ಈಸ್ಟರಿಗೆ, ಕಾವಿ ಕೊಟ್ಟು ಸನ್ಯಾಸಿ ಮಾಡ್ತೀನಿ ಅಂದಿದ್ರು. ಆ ಮಾತು ಹಿಡ್ಕೊಂಡು ದಿನ ನೂಕ್ತಿದ್ದ.

ಬೂದಿ ಬುಧವಾರ ಬಂತು. ಹೋದ ವರ್ಷದ ಗರಿ ಹಬ್ಬದ ಒಣ ತೆಂಗಿನಗರಿ ಸುಟ್ಟು, ನಾವೆಲ್ಲ ಮಣ್ಣೇ ಅನ್ನೋ ನೆನಪಿಗೆ ಆ ಬೂದಿ ಹಣೆಗೆ ಹಚ್ಚೋ ದಿನ. ಗುರುಗಳ ಕೈ ನಡುಗ್ತಿತ್ತು. ಈ ಸಲ ನೀನೇ ಹಚ್ಚು ಅಂತ ಬಟ್ಟಲು ಕೊಟ್ಟು, ಬಾಗಿಲ ಹತ್ರ ಕೂತ್ರು.

ಊರವರ ಹಣೆಗೆಲ್ಲ ವಲೇರಿಯನ್ ಹೆಬ್ಬೆಟ್ಟು ಒತ್ತಿ ಶಿಲುಬೆ ಬರೆದ. ಸಾಲಿನ ಕೊನೇಲಿ ಹೊಳೆ ಆಚೆಯ ಸಿದ್ದಿಯರು. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಹಡಗಲ್ಲಿ ಹೇರಿ ತಂದ ಆಳುಗಳ ವಂಶ. ಕಪ್ಪು ಮೈ, ಗುಂಗುರು ಕೂದಲು.

ಅವರ ಸರದಿ ಬಂದಾಗ ಚಿಟಿಕೆ ಬೂದಿ ತಗೊಂಡು, ಗೇಣು ಎತ್ತರದಿಂದ ತಲೆ ಮೇಲೆ ಉದುರಿಸಿದ, ಪಲ್ಯಕ್ಕೆ ಉಪ್ಪು ಹಾಕಿದ ಹಾಗೆ.

ಅವರಲ್ಲೊಬ್ಬಳಾದ ಲುಸೀನಜ್ಜಿ ಹಣೆ ಚಾಚಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಾನೇ ತಲೆ ತಗ್ಗಿಸಿದಳು.

ಎಲ್ಲರೂ ಹೋದ್ಮೇಲೆ ಅವನು ಗುರುಗಳ ಹತ್ರ ಬಂದ.

"ಲುಸೀನಜ್ಜಿಗೆ ಹೆಂಗೆ ಹಾಕ್ದೆ?"

"ತಲೆ ಮೇಲೆ ಉದುರಿಸೋದೂ ಪದ್ಧತಿನೇ ಅಲ್ವಾ ಗುರುಗಳೇ. ಕಪ್ಪು ಹಣೇಲಿ ಬೂದಿ ಎಲ್ಲಿ ಕಾಣುತ್ತೆ?"

"ನಂಗೂ ಹಂಗೇ ಹಾಕಪ್ಪ."

ಉದುರಿಸಿದ. ಹೊಳೆ ಗಾಳಿ ಬೀಸ್ತು. ಗುರುಗಳ ಬೋಳುತಲೆ ಮೇಲೆ ಒಂದು ಕಣವೂ ನಿಲ್ಲಲಿಲ್ಲ.

"ನಿಂಗೆ ಯಾರು ಹಚ್ಚಿದ್ರು?"

ಯಾರೂ ಹಚ್ಚಿರಲಿಲ್ಲ.

"ನನ್ನ ಕೈ ಆಗಲ್ಲ. ದಡದಲ್ಲಿ ಯಾರಿದ್ರೆ ಅವರ ಕೈಲಿ ಹಚ್ಚಿಸ್ಕೊಂಡು ಬಾ."

ದಡದಲ್ಲಿ ಲುಸೀನಜ್ಜಿ ಒಬ್ಬಳೇ. ಮೊದಲ ದೋಣೀಲಿ ಅವಳಿಗೆ ಜಾಗ ಸಿಕ್ಕಿರಲಿಲ್ಲ. ವಲೇರಿಯನ್ ಬಟ್ಟಲು ಹಿಡಿದು ಬಂದ ಕಾರಣ ಹೇಳಿದ. ಅಜ್ಜಿ ಅವನ ಹಣೆ ನೋಡಿದಳು, ತನ್ನ ಕೈ ನೋಡ್ಕೊಂಡಳು.

"ನಾ ಮುಟ್ಟಬೌದಾ ತಮ್ಮಾ? ಆಮೇಲೆ ತಿಕ್ಕಿ ತೊಳ್ಕೊಳ್ಳೋ ಕಷ್ಟ ನಿಂಗೆ."

ಅವನು ಬಟ್ಟಲು ಅವಳ ಮುಂದೆ ಹಿಡಿದ. ಮಂಡಿಯೂರಿದ.

ಅಜ್ಜಿ ಹೆಬ್ಬೆಟ್ಟು ಒರಟು, ಆದ್ರೆ ಬೆಚ್ಚಗಿತ್ತು. ಆಶ್ರಮಕ್ಕೆ ಅಂತ ಬಸ್ಸು ಹತ್ತಿಸೋ ದಿನ ಅಮ್ಮ ಮುಟ್ಟಿದ್ದು ಬಿಟ್ರೆ ಈ ಹಣೇನ ಯಾರೂ ಮುಟ್ಟಿಲ್ಲ ಅನ್ನೋದು ಅವನಿಗೆ ಆಗ ಹೊಳೀತು.

ಕಣ್ಣು ಬಿಟ್ಟ. ಅವಳ ಕಪ್ಪು ಬೆರಳ ಮೇಲೆ ಬೂದಿ ಎದ್ದು ಕಾಣ್ತಿತ್ತು.

"ಅಜ್ಜಿ, ಹಣೆ ಕೊಡಿ. ಸರಿಯಾಗಿ ಹಚ್ತೀನಿ."

"ಬೂದಿ ವರ್ಷಕ್ಕೊಂದೇ ಸಲ ತಮ್ಮಾ. ನಂದು ಆಗೋಯ್ತು." ದೋಣಿ ಬಂತು. "ಬದುಕಿದ್ರೆ ಮುಂದಿನ ವರ್ಷ ಬರ್ತೀನಿ."

ದೋಣಿ ಆಚೆ ದಡ ಮುಟ್ಟೋ ತನಕ ಅವನು ಬಟ್ಟಲು ಹಿಡ್ಕೊಂಡು ನಿಂತಿದ್ದ. ಅಜ್ಜಿ ತಿರುಗಿ ನೋಡಲಿಲ್ಲ.

ವಾಪಸ್ ಬಂದು ಗುರುಗಳಿಗೆ ಎಲ್ಲಾ ಹೇಳಿದ.

"ಎಲ್ಲರೂ ನಿನ್ನ ಮಕ್ಕಳೇ ಅಂತ ದಿನಾ ಏಸುಸ್ವಾಮಿ ಮುಂದೆ ಹೇಳ್ತಿದ್ದೆ. ಇವತ್ತು ನನ್ನ ಬೆರಳು ಅಲ್ಲ ಅಂತು. ಪಾಸ್ಕಕ್ಕೆ ನಂಗೆ ಕಾವಿ ಸಿಗುತ್ತಾ ಗುರುಗಳೇ?"

ಗುರುಗಳು ಅವನ ಹಣೆ ಮೇಲಿನ ಶಿಲುಬೇನ ನೋಡಿದ್ರು.

"ನಿನ್ನ ಕಾವಿ ಈಗ ಮುಂದಿನ ಬೂದಿ ಬುಧವಾರಕ್ಕೆ ಹೋಯ್ತು. ಅಜ್ಜಿಗೆ ಅಲ್ಲಿವರೆಗೂ ಆಯಸ್ಸು ಕೊಡಪ್ಪಾ ಅಂತ ಇವತ್ತಿಂದ್ಲೇ ಬೇಡ್ಕೊ."