ಒದ್ದೆ ಕೈಯ ವಿಭೂತಿ

ಚನ್ನಮಲ್ಲನ ಅಂಗೈ ಚಳಿಗಾಲದಲ್ಲೂ ಬೆವರಿ ತೊಟ್ಟಿಕ್ಕುತ್ತಿತ್ತು. ಮಠಕ್ಕೆ ಬಂದವರ ಹಣೆಗೆ ವಿಭೂತಿ ಹಚ್ಚುವ ಸೇವೆ ಅವನದು. ಹಚ್ಚಿದ್ದು ನೀರಾಗಿ ಮೂಗಿಗೆ ಇಳಿಯುತ್ತಿತ್ತು. ಮುಖ ತೊಳೆಯೋಕೆ ಬೇರೆ ನೀರು ಬೇಡ ಎಂದು ಜನ ನಗುತ್ತಿದ್ದರು. ಮೊನ್ನೆ ಊರ ಗೌಡ ರುದ್ರಪ್ಪ ಅವನೆದುರೇ ಹಣೆ ಒರೆಸಿಕೊಂಡು ಹೋಗಿದ್ದ.

ಇವತ್ತು ಚನ್ನಮಲ್ಲ ಗುರುಗಳ ಮುಂದೆ ಬಂದು ನಿಂತ.

"ಬುದ್ಧಿ, ನಾಳೆ ಆಸ್ಪತ್ರೆಗೆ ಹೋಗ್ತೀನಿ. ಎದೆಯೊಳಗಿನ ನರ ಕತ್ತರಿಸಿದರೆ ಕೈ ಬೆವರೋದು ನಿಲ್ಲುತ್ತಂತೆ."

"ಡಾಕ್ಟರು ಇನ್ನೇನು ಹೇಳಿದರು?"

"ಏನೇನೋ ಹೇಳಿದರು. ನಾನು ಅಷ್ಟೇ ಕೇಳಿಸಿಕೊಂಡೆ."

"ನೆಗಡಿ ಬಂತು ಅಂತ ಮೂಗು ಕೊಯ್ಸಿಕೊಳ್ತಾರಾ, ಮರಿ?"

ಚನ್ನಮಲ್ಲನಿಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಕೈ ಒಣಗಿದೆ. ಒದ್ದೆ ಕೈಯವನ ಪಾಡು ನಿಮಗೇನು ಗೊತ್ತು?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ತಲೆ ತಗ್ಗಿಸಲಿಲ್ಲ.

ಗುರುಗಳು ಶಾಲು ತೆಗೆದು ಬೆನ್ನು ತಿರುಗಿಸಿದರು. ಆ ಚಳಿಯಲ್ಲೂ ಕಾವಿ ಅಂಗಿ ಬೆನ್ನಿಗೆ ಅಂಟಿತ್ತು. ಹಿಂಡಿದರೆ ನೀರು ಬರುವಷ್ಟು ಒದ್ದೆ.

"ನಾನೂ ಮಾಡಿಸಿಕೊಂಡವನೇ. ಕೈ ಒಣಗಿತು. ಬೆವರು ಬೆನ್ನಿಗೆ, ಹೊಟ್ಟೆಗೆ, ತೊಡೆಗೆ ಹೋಯಿತು. ಕೆಲವರಿಗೆ ಕಣ್ಣರೆಪ್ಪೆಯೂ ಜೋತುಬೀಳುತ್ತಂತೆ, ನನಗೆ ಅದೊಂದು ತಪ್ಪಿತು. ಡಾಕ್ಟರು ಎಲ್ಲ ಮೊದಲೇ ಹೇಳಿದ್ದರು. ನಿನ್ನ ಹಾಗೆ ನಾನೂ ಅರ್ಧ ಕೇಳಿದೆ."

"ನರ ಮತ್ತೆ ಜೋಡಿಸೋಕೆ ಆಗಲ್ವಾ?"

"ಕೇಳಿ ನೋಡಿದೆ. ಆಗಲ್ಲ ಅಂದರು."

"ಹಾಗಾದರೆ ಬೇಡ ಅಂತೀರಾ?"

"ಕೈ ನಿನ್ನದು. ಮಾಡಿಸಿಕೊಂಡು ಸುಖವಾಗಿರೋರೂ ಇದ್ದಾರೆ. ನಾನು ನಗೋರ ಬಾಯಿ ಮುಚ್ಚಿಸೋಕೆ ಮಾಡಿಸಿಕೊಂಡೆ. ಅವರಲ್ಲಿ ಒಬ್ಬರ ಹೆಸರೂ ಈಗ ನೆನಪಿಲ್ಲ."

ಚನ್ನಮಲ್ಲ ತನ್ನ ಅಂಗೈ ನೋಡಿಕೊಂಡ. ಊರವರ ಮೇಲಿನ ಸಿಟ್ಟನ್ನು ಈ ಕೈಯ ಮೇಲೆ ತೀರಿಸಿಕೊಳ್ಳಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು.

"ನಾನು ಹೋಗಲ್ಲ, ಬುದ್ಧಿ."

ಹೊರಗೆ ಜನ ಸೇರಿದ್ದರು. ಅವನು ಕೈ ಒರೆಸಿಕೊಳ್ಳದೆ ವಿಭೂತಿ ಹಿಡಿದು ನಿಂತ. ಸಾಲಿನ ಮುಂದೆ ರುದ್ರಪ್ಪನೇ ಇದ್ದ.

"ಕೈ ಒದ್ದೆ ಇದೆ ಗೌಡರೇ, ನಾಳೆಯೂ ಒದ್ದೆ ಇರುತ್ತೆ. ಬೇಕಾದವರು ಬನ್ನಿ, ಬೇಡದವರು ಹಂಗೇ ಹೋಗಿ."

ರುದ್ರಪ್ಪ ಕದಲಲಿಲ್ಲ. ಅವನ ಹಿಂದಿನವರೂ ಮುಂದೆ ಬರಲಿಲ್ಲ. ಚನ್ನಮಲ್ಲ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

ಗುರುಗಳು ಒಳಗಿಂದ ಬಂದರು. ರುದ್ರಪ್ಪನನ್ನು ದಾಟಿ ಶಿಷ್ಯನೆದುರು ನಿಂತು ತಲೆ ಬಾಗಿಸಿದರು.

"ಮೊದಲು ನನಗೆ ಹಚ್ಚು, ಮರಿ. ಇವರು ಕಾಯಲಿ."