ಕೆಳಗೊಂದು ಚುಕ್ಕಿ ಇಟ್ಟ ನಿ

ಒಂದಾನೊಂದು ಕಾಲದಲ್ಲಿ, ರಾಜನ ಮಾತನ್ನ ಜನ ಕೇಳ್ತಿದ್ರು, ಆನೆ ಮಾತ್ರ ಕೇಳ್ತಿರಲಿಲ್ಲ ಅನ್ನೋ ಕಾಲದಲ್ಲಿ, ಮಸಣಯ್ಯ ಅಂತ ಒಬ್ಬ ಮಾವುತ ಇದ್ದನಂತೆ. ಅಂಕುಶ ಮುಟ್ಟಿದವನೇ ಅಲ್ಲ, ಕೊಳಲು ಊದಿಯೇ ಆನೆ ನಡೆಸ್ತಿದ್ದನಂತೆ. ಅವನಿಗೆ ಮೂರು ಮಕ್ಕಳು, ಬಸವ, ಕರಿಯ, ಕೊನೇದು ನಂಜಿ. ದಿನಾ ಲಾಯದ ಮುಂದೆ ಕೂರಿಸಿಕೊಂಡು, ಓಲಗಕ್ಕೆ ಬಾಯಲ್ಲಿ ಪೀಪಿ ಬೇಕು, ಪುಂಗಿಗೆ ಸೋರೆ ಬುರುಡೆ ಬೇಕು, ಕೊಳಲಿಗೆ ತೂತು ಕೊರೆದ ಬಿದಿರು ಸಾಕು, ಉಸಿರು ಮಾತ್ರ ಮೂರಕ್ಕೂ ನಿಮ್ಮದೇ ಬೇಕು ಅಂತ ಹೇಳಿ, ಆಮೇಲೆ ನೆಲದ ಮೇಲೆ ಸರಿಗಮ ಬರೆದು ಓದಿಸೋನಂತೆ. ಬಸವ ಆಕಳಿಸೋನು, ಕರಿಯ ಗಟ್ಟಿಯಾಗಿ ಊದೋನು, ನಂಜಿ ಚೆಲುವಿ ಅನ್ನೋ ಆನೆಯ ಕಾಲಿಗೊರಗಿ ಒಂದೊಂದೇ ಅಕ್ಷರಕ್ಕೆ ಬೆರಳು ಹುಡುಕೋಳು. ಬುದ್ಧಿವಂತೆ ಏನಲ್ಲ, ನಿಧಾನ.

ಆಮೇಲೆ ಮಸಣಯ್ಯನಿಗೆ ಜ್ವರ ಬಂದು ಗಂಟಲು ಕಟ್ಟಿಹೋಯ್ತಂತೆ. ಊದೋದಿರಲಿ, ಉಸ್ ಅನ್ನೋಕೂ ಆಗದು. ಅವತ್ತೇ ಚೆಲುವಿ ಕೋಟೆ ಬಾಗಿಲಿಗೆ ಅಡ್ಡ ನಿಂತುಬಿಟ್ಟಳಂತೆ. ಹೊರಗೆ ರಾಜನ ಬೀಗರ ದಿಬ್ಬಣ, ಒಳಗೆ ಆರತಿ ತಟ್ಟೆ ಹಿಡಿದ ಹೆಂಗಸರು, ನಡುವೆ ಆನೆ. ರಾಜ, ಹೊತ್ತು ಮುಳುಗೋದ್ರೊಳಗೆ ಇದು ಸರೀಲಿಲ್ಲ ಅಂದ್ರೆ ಮರ ಎಳೆಸೋರಿಗೆ ಕೊಟ್ಟು ಕಾಡಿಗಟ್ಟಿ ಅಂದನಂತೆ. ನಂಜಿ ಅಪ್ಪನ ಹತ್ತಿರ ಓಡಿದಳಂತೆ, ಹಿಂದೆಯೇ ಅಣ್ಣಂದಿರು. ತಾಯಿಯಿಲ್ಲದ ಹುಡುಗಿ, ಆ ಆನೆ ನೆರಳಲ್ಲೇ ಬೆಳೆದವಳು.

ಆಗ ಮಸಣಯ್ಯ ಮಲಗಿದ್ದಲ್ಲೇ ಇದ್ದಿಲು ತಗೊಂಡು ಗೋಡೆ ಮೇಲೆ ಸ ರಿ ಸ ರಿ, ನಿ ಸ ರಿ ಅಂತ ಬರೆದು, ನಿ ಕೆಳಗೊಂದು ಚುಕ್ಕಿ ಇಟ್ಟನಂತೆ.

ಬಸವ ಓದಿದ, ಇಷ್ಟೇನಾ ಅಂದ, ಓಡಿಹೋಗಿ ಆನೆ ಮುಂದೆ ನಿಂತು ಸರಿ, ಸರಿ, ನೀ ಸರಿ ಅಂತ ಅರಚಿದನಂತೆ. ಪಟ್ಟಣದೋರೂ ಅರಚಿದರು, ರಾಜನೂ ಅರಚಿದನಂತೆ. ಕೋಣನ ಮುಂದೆ ಕಿನ್ನರಿ ಅಂತಾರಲ್ಲ, ಇಲ್ಲಿ ಕಿನ್ನರಿಯೂ ಇಲ್ಲ. ಚೆಲುವಿ ಕಿವಿ ಬೀಸ್ತಾ ನಿಂತೇ ಇದ್ದಳಂತೆ.

ಆಮೇಲೆ ಕರಿಯ, ಅದು ಮಾತಲ್ಲ ಕಣೋ, ಸ್ವರ ಅಂತ ನಕ್ಕು ಓಲಗ ತಂದು ಊದಿದನಂತೆ. ನಿ ಬಂದಾಗ ಮೇಲಕ್ಕೆ ಹಾರಿಬಿಟ್ಟ, ಕಿರ್ರ್ ಅಂತು, ಚೆಲುವಿ ಬೆದರಿ ಘೀಳಿಟ್ಟು ಖಾಲಿ ಪಲ್ಲಕ್ಕಿಯೊಂದನ್ನ ಉರುಳಿಸಿಬಿಟ್ಟಳಂತೆ. ಚುಕ್ಕಿ ಬಿಟ್ಟೆಯಲ್ಲಣ್ಣ ಅಂದಳು ನಂಜಿ. ಅದು ಇದ್ದಿಲ ಪುಡಿ ಉದುರಿರೋದು ಕಣೇ ಅಂದ ಕರಿಯ.

ಚುಕ್ಕಿ ಯಾಕಜ್ಜಿ ಅಂತೀಯಾ? ಮೇಲೆ ಚುಕ್ಕಿ ಇದ್ರೆ ಅಟ್ಟದ ಸ್ವರ, ಕೆಳಗಿದ್ರೆ ಹಗೇವಿನ ಸ್ವರ, ರಾಗಿ ಹೂತಿಡೋ ಗುಂಡಿಯಷ್ಟು ತಗ್ಗು.

ಹೊತ್ತು ಇಳೀತಿತ್ತಂತೆ. ನಂಜಿ ಆನೆಯ ಕಾಲ ಸಂದಿಯಲ್ಲಿ ತೂರಿ ಆಚೆ ಹೋಗಿ, ಅಪ್ಪನ ಕೊಳಲು ಎತ್ತಿದಳಂತೆ. ಸ ರಿ ಸ ರಿ ಆಯ್ತು. ನಿ ಬಂದಾಗ ಬಿಸಿ ಗಂಜಿ ಆರಿಸೋ ಹಾಗೆ ಮೆಲ್ಲಗೆ ಉಸಿರು ಬಿಟ್ಟಳು, ಸ್ವರ ಕೆಳಗಿಳೀತು. ಚೆಲುವಿ ಕಿವಿ ಬೀಸೋದು ನಿಲ್ಲಿಸಿದಳಂತೆ. ಆಮೇಲೆ ಒಂದು ಕಾಲೆತ್ತಿದಳು, ಇನ್ನೊಂದು ಎತ್ತಿದಳು, ಊದ್ತಾ ಹಿಂದಕ್ಕೆ ನಡೆದ ಹುಡುಗಿ ಬೆನ್ನತ್ತಿ ಹೊಳೆ ದಾರಿ ಹಿಡಿದಳಂತೆ. ಮಕ್ಕಳು ಏಳೋಕೆ ಮುಂಚೆ ಮಸಣಯ್ಯ ದಿನಾ ಕೋಟೆ ಆಚೆ ನಿಂತು ಊದ್ತಿದ್ದ ರಾಗವಂತೆ ಅದು, ಅವತ್ತು ಅದು ಕೇಳಿಸದೆ ಚೆಲುವಿ ಬಾಗಿಲಲ್ಲೇ ಕಾಯ್ತಾ ನಿಂತಿದ್ದಳಂತೆ.

ಮದುವೆ ಮುಗಿದ ಮೇಲೆ ರಾಜ ಲಾಯವನ್ನ ನಂಜಿಗೇ ಬಿಟ್ಟು, ನಾವೆಲ್ಲ ಸರಿ ಸರಿ ಅಂತ ಅಷ್ಟು ಅರಚಿದ್ವಲ್ಲ, ನೀನು ಊದಿದ್ದಕ್ಕೆ ಅರ್ಥ ಏನು ಮಗಳೇ ಅಂತ ಕೇಳಿದನಂತೆ.

ಬಾ ಅಂತ, ಬುದ್ಧಿ, ಅಂದಳಂತೆ ನಂಜಿ.

ಕತೆ ಮುಗೀತು, ಇನ್ನು ಕಣ್ಮುಚ್ಚು.